ಒಚ್ಚಿಂಡು ಅಂದ್ರೆ ತಪ್ಪು ತೆಲುಗಾ?

ಮನೇಲಿ ತೆಲುಗು ಮಾತಾಡ್ತೀವಿ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಒಂದೇ: ‘ಬಂದ’ ಅನ್ನೋಕೆ ಒಚ್ಚಿಂಡು ಅನ್ನೋ ತೆಲಂಗಾಣದವ್ರದ್ದು ಕೆಟ್ಟ ತೆಲುಗಂತೆ, ವಿಜಯವಾಡದ್ದೇ ಸರಿಯಂತೆ, ನಿಜಾನಾ? ಖಂಡಿತ ಅಲ್ಲ. ಇದನ್ನ ಹೇಳೋಕೆ ನಾನು ಪಾಕಿಸ್ತಾನ, ಇರಾನ್ ಕಡೆ ಆಡೋ ಬಲೂಚಿ ಭಾಷೆವರೆಗೂ ಹೋಗಿ ಬರ್ತೀನಿ.

ಬಲೂಚಿಗೆ ಸ್ಥೂಲವಾಗಿ ಮೂರು ರೂಪ. ನೂಷ್ಕಿ, ಚಾಗೈಯಿಂದ ಇರಾನಿನ ಸೀಸ್ತಾನ್‌ವರೆಗೆ ರಖ್ಶಾನಿ, ಗ್ವಾದರ್, ತುರ್ಬತ್ ಕಡೆ ಮಕ್ರಾನಿ, ಡೇರಾ ಬುಗ್ತಿ, ಕೊಹ್ಲು ಇರೋ ಸುಲೈಮಾನ್ ಬೆಟ್ಟಗಳ ಕಡೆ ಪೂರ್ವ ಬಲೂಚಿ. ನೀರಿಗೆ ಮಕ್ರಾನಲ್ಲಿ ಆಪ್ ಅಂತಾರೆ, ಬೆಟ್ಟದವ್ರು ಆಫ್, ಅಂದ್ರೆ ಫ್ಯಾನ್ ಅನ್ನೋವಾಗ ಬರೋ ಫ. ದಿನಕ್ಕೆ ರೋಚ್, ಅವ್ರಿಗದು ರೋಶ್. ಸ್ವರ ಆದ್ಮೇಲೆ ಬರೋ ಗಟ್ಟಿ ವ್ಯಂಜನ ಸಡಿಲ ಆಗತ್ತೆ, ಅಷ್ಟು ನಿಯಮಬದ್ಧವಾಗಿ ಆಗೋದನ್ನ ತಪ್ಪು ಅನ್ನೋಕಾಗಲ್ಲ, ಹಳಗನ್ನಡದ ಪಾಲು ಹಾಲಾಗಿದ್ದೂ ಇಂಥದ್ದೇ ಒಂದು ನಿಯಮದಿಂದ ಅಲ್ವಾ. ಎಲ್ಲರೂ ಒಪ್ಪಿದ ಒಂದು ಶಿಷ್ಟ ಬಲೂಚಿ ಇವತ್ತಿಗೂ ಇಲ್ಲ, ಆದ್ರೂ ಮೂರೂ ಕಡೆ ಕವಿತೆ ಇದೆ. (ಬಲೂಚಿ ನಮ್ಮ ದ್ರಾವಿಡ ಬಳಗದ್ದಲ್ಲ, ಕುರ್ದಿಶ್, ಪರ್ಷಿಯನ್‌ಗೆ ನೆಂಟ. ಅಲ್ಲೇ ಪಕ್ಕದ ಬ್ರಾಹುಯಿ ನಮ್ಮದು, ಅದ್ರಲ್ಲಿ ಕಣ್ಣಿಗೆ ಖನ್.)

ತೆಲುಗಲ್ಲಿ ಆಗಿದ್ದೇ ಬೇರೆ. ತೆಲುಗು ವಿದ್ವಾಂಸ ಗಿಡುಗು ರಾಮಮೂರ್ತಿ ಅವ್ರು ಗ್ರಾಂಥಿಕ, ಅಂದ್ರೆ ಹಳೇ ಪುಸ್ತಕದ ಭಾಷೆ ಬಿಟ್ಟು ಆಡುಮಾತಲ್ಲಿ ಬರೀರಿ ಅಂತ ಹೋರಾಡಿದ್ರು, ಅವ್ರ ಹುಟ್ಟಿದ ದಿನ ಆಗಸ್ಟ್ 29 ತೆಲುಗು ಭಾಷಾ ದಿನ, ಆದ್ರೆ ಪತ್ರಿಕೆ, ಪಠ್ಯಪುಸ್ತಕ, ಸಿನಿಮಾ ಎಲ್ಲಾ ಹಿಡ್ಕೊಂಡಿದ್ದು ಕೃಷ್ಣಾ-ಗೋದಾವರಿ ಕಡೆಯ ಓದಿದವ್ರ ಆಡುಮಾತನ್ನ. ‘ಬಂದ’, ‘ಹೇಳಿದ’ ಅನ್ನೋಕೆ ಅಲ್ಲಿ ವಚ್ಚಾಡು, ಚೆಪ್ಪಾಡು, ತೆಲಂಗಾಣದಲ್ಲಿ ಒಚ್ಚಿಂಡು, ಚೆಪ್ಪಿಂಡು. ಎರಡಕ್ಕೂ ಅದರದ್ದೇ ವ್ಯಾಕರಣ ಇದೆ, ಆದ್ರೆ ಇಂಡು ಅನ್ನೋರನ್ನ ಎಷ್ಟೋ ವರ್ಷ ಸಿನಿಮಾದಲ್ಲಿ ರೌಡಿಗೋ ಕಾಮಿಡಿ ಪಾತ್ರಕ್ಕೋ ಇಟ್ರು. ಆ ನೋವು ಪ್ರತ್ಯೇಕ ರಾಜ್ಯದ ಹೋರಾಟದಲ್ಲೂ ಇತ್ತು. 2014ರಲ್ಲಿ ರಾಜ್ಯ ಆದ್ಮೇಲೆ ತೆಲಂಗಾಣದ ಕವಿ ಕಾಳೋಜಿ ನಾರಾಯಣ ರಾವ್ ಹುಟ್ಟಿದ ಸೆಪ್ಟೆಂಬರ್ 9 ತೆಲಂಗಾಣ ಭಾಷಾ ದಿನ ಆಯ್ತು.

ವರಂಗಲ್‌ಗೆ ಕೊಟ್ಟಿರೋ ನಮ್ಮ ಚಿಕ್ಕಮ್ಮನ ಮಗಳ ಹುಡುಗ ವಿಜಯವಾಡದಲ್ಲಿ ಓದ್ತಾನೆ. ಫೋನಲ್ಲಿ ಫ್ರೆಂಡ್ಸ್ ಜೊತೆ ವಚ್ಚಾಡು ಅಂತಾನೆ, ಫೋನ್ ಇಟ್ಟು ಅಮ್ಮನ ಕಡೆ ತಿರುಗಿದ್ರೆ ಒಚ್ಚಿಂಡು. ಹೋದ ಸಲ ಅವ್ನು ನನ್ನ ಮುಂದೆ ಬಾಯಿತಪ್ಪಿ ಒಚ್ಚಿಂಡು ಅಂದು ಸಾರಿ ಕೇಳ್ದ. ಯಾಕಪ್ಪಾ ಸಾರಿ, ನಿಮ್ಮಮ್ಮ ಆಡೋ ಮಾತದು ಅಂದೆ.