ಬೆನ್ನಿನಲ್ಲಿ ನಾನು ಬಿಡದ ಸೀಳು

ರಂಗತಂಡದ ವೇಷಭೂಷಣ ನೋಡಿಕೊಳ್ಳುವ ವಾರ್ಡ್‌ರೋಬ್ ವಿಭಾಗಕ್ಕೆ ಸೇರಿ 11 ವರ್ಷಗಳಾದ ಮೇಲೆ, ವೇಷವೊಂದನ್ನು ಕತ್ತರಿಯಿಂದ ಸೀಳಿ ಅದರೊಳಗಿದ್ದವರನ್ನು ಹೊರಗೆ ತೆಗೆಯಬೇಕಾದ ಪ್ರಸಂಗ ನನಗೆ ಒದಗಿತು. ಆ ವೇಷವನ್ನು ಹೊಲಿದವಳು ನಾನೇ.

ಸಹೋದ್ಯೋಗಿಗಳ ಮಕ್ಕಳಿಗಾಗಿ ನಮ್ಮ ತಂಡ ನಡೆಸಿದ ಕಾರ್ಯಕ್ರಮಕ್ಕೆ ಅಮೆರಿಕದ ಮಕ್ಕಳ ಟಿವಿ ಸರಣಿ ಸೆಸಮಿ ಸ್ಟ್ರೀಟ್‌ನ ದೊಡ್ಡ ಹಳದಿ ಹಕ್ಕಿ ಬಿಗ್ ಬರ್ಡ್ ಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಮಂಜೂರಾಗಿದ್ದುದೇ ಅಲ್ಪ ಮೊತ್ತ. ಬೆಳಕು, ಧ್ವನಿ, ವೇಷಗಳೊಂದಿಗೆ ನಡೆಯುವ ತಾಂತ್ರಿಕ ತಾಲೀಮಿಗೆ, ಅಂದರೆ ಟೆಕ್‌ಗೆ, 9 ದಿನ ಉಳಿದಿರುವಾಗ ಅದರಲ್ಲೂ ಅರ್ಧವನ್ನು ಸೆಟ್‌ನ ಲೆಕ್ಕಕ್ಕೆ ವರ್ಗಾಯಿಸಿದರು. ಏನೇ ಕಡಿತ ಬಂದರೂ ಮೊದಲು ವೇಷದ ಬಜೆಟ್ಟಿಗೇ ಕೈ ಹಾಕುವ ಈ ರೂಢಿಯ ಬಗ್ಗೆ ನನಗೆ ಆಗಲೂ ಕೋಪವಿತ್ತು, ಈಗಲೂ ಇದೆ. ಆದರೆ ಉಳಿದ ಹಣವನ್ನು ವೇಷದ ಯಾವ ಭಾಗಕ್ಕೆ ಹಾಕಬೇಕೆಂಬುದನ್ನು ನಿರ್ಧರಿಸಿದವಳು ನಾನು.

1969ರಿಂದ ಟಿವಿಯಲ್ಲಿರುವ ಆ ಹಕ್ಕಿಯ ಎತ್ತರ 8 ಅಡಿ 2 ಅಂಗುಲ. ದಶಕಗಳ ಕಾಲ ಅದರೊಳಗಿದ್ದ ಕ್ಯಾರಲ್ ಸ್ಪಿನ್ನಿ ಬಲಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅದರಿಂದಲೇ ಹಕ್ಕಿಯ ಕೊಕ್ಕನ್ನು ಆಡಿಸುತ್ತಿದ್ದರು. ವೇಷದೊಳಗಿಂದ ಹೊರಗಿನದು ಕಾಣದ ಕಾರಣ, ಎದೆಗೆ ಕಟ್ಟಿಕೊಂಡ ಪುಟ್ಟ ಮಾನಿಟರ್ ನೋಡಿಕೊಂಡು ಹೆಜ್ಜೆ ಇಡುತ್ತಿದ್ದರು. ನಮ್ಮ ನಟನಿಗೆ ಅಂಥ ಅಭ್ಯಾಸವೂ ಇರಲಿಲ್ಲ, ಮಾನಿಟರ್ ಕೊಳ್ಳುವ ಹಣವೂ ಇರಲಿಲ್ಲ. ಆದ್ದರಿಂದ ನಾನು ಹಕ್ಕಿಯನ್ನು 7 ಅಡಿಗೆ ಇಳಿಸಿ, ಅದರ ತಲೆಯನ್ನು ಹೆಲ್ಮೆಟ್ಟಿನ ಮೇಲೆ ಕೂರಿಸಿ, ನಟನ ಮುಖಕ್ಕೆ ನೇರವಾಗಿ ಕುತ್ತಿಗೆಯಲ್ಲಿ ಕಪ್ಪು ಬಲೆಯ ಕಿಂಡಿಯೊಂದನ್ನು ಬಿಟ್ಟೆ. ಒಳಗೆ ಕತ್ತಲಿದ್ದು ಹೊರಗೆ ಬೆಳಕಿದ್ದರೆ ಬಲೆಯ ಮೂಲಕ ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ.

ಮೈಗೆ ಪ್ಲಾಸ್ಟಿಕ್ ಕೊಳವೆಯ ಮೂರು ಬಳೆಗಳನ್ನು ಪಟ್ಟಿಗಳಿಂದ ಹೆಗಲಿಗೆ ತೂಗುಹಾಕಿ, ಅವುಗಳ ಸುತ್ತ ಹಳೆಯ ಹಾಸಿಗೆಯ ಫೋಮ್ ಸುತ್ತಿದೆ. ಕೊಕ್ಕಿಗೆ 6 ಮಿಲಿಮೀಟರ್ ದಪ್ಪದ, ಇವಿಎ ಎಂಬ ಫೋಮಿನ ಹಾಳೆ. ಗರಿಗಳಿಗೆಂದು ಹಳದಿ ಹೊದಿಕೆಗಳನ್ನು ಎಲೆಯಾಕಾರದಲ್ಲಿ ಕತ್ತರಿಸಿ, ಕೆಳಗಿನ ಸಾಲಿನ ಹೊಲಿಗೆಯನ್ನು ಮೇಲಿನ ಸಾಲು ಮುಚ್ಚುವಂತೆ, ಬುಡದಿಂದ ಕುತ್ತಿಗೆಯವರೆಗೆ ಸಾಲುಸಾಲಾಗಿ ಹೊಲಿದೆ. ಕಣ್ಣಿಗೆಂದು ತಂದ ಥರ್ಮಾಕೋಲ್ ಚೆಂಡುಗಳ ಮೇಲೆ ಸ್ಪ್ರೇ ಬಣ್ಣ ಹೊಡೆದೊಡನೆ, ಅದರಲ್ಲಿದ್ದ ದ್ರಾವಕಕ್ಕೆ ಅವು ಕರಗಿ ಗುಳಿಬಿದ್ದವು. ಇನ್ನೆರಡು ಚೆಂಡುಗಳಿಗೆ ನೀರಿನ ಬಣ್ಣ ಬಳಿದೆ. ಮ್ಯಾನಿಕಿನ್ನಿಗೆ ತೊಡಿಸಿ ದೂರ ನಿಂತು ನೋಡಿದಾಗ, ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಚೆಂದದ ಹಕ್ಕಿಯನ್ನು ಮಾಡಿದೆನಲ್ಲ ಎಂದು ನಿಜವಾಗಿಯೂ ಸಂತೋಷಪಟ್ಟೆ.

ಫಿಟ್ಟಿಂಗ್‌ನಲ್ಲಿ ತಲೆ ಮುಂದಕ್ಕೆ ವಾಲುತ್ತಿತ್ತು. ಕುತ್ತಿಗೆಯನ್ನು ಮೈಯ ಫೋಮಿಗೆ ಸುತ್ತಲೂ ಗಟ್ಟಿಯಾಗಿ ಹೊಲಿದುಬಿಟ್ಟರೆ ವಾಲುವುದಿಲ್ಲವೆಂದೆ. ಆಗ ನಟ, "ಹಿಂದೆ ಬಿಚ್ಚುವ ಹಾಗೆ ಏನಾದರೂ ಇದ್ದರೆ ಒಳ್ಳೆಯದಲ್ಲವೇ?" ಎಂದು ಕೇಳಿದ. ಉದ್ದನೆಯ ಜಿಪ್‌ಗೆ ಹಣವಿಲ್ಲವೆಂದೂ, ಸೀಳು ಬಿಟ್ಟರೆ ಗರಿಗಳ ಸಾಲು ಒಡೆದು ಕಾಣುತ್ತದೆಂದೂ, ವೇಷ ತೊಡಿಸಿ ಬಿಚ್ಚುವ ಡ್ರೆಸ್ಸರ್‌ಗಳು ಇಬ್ಬರು ಕೆಳಗಿನಿಂದ ಎತ್ತಿ ತೆಗೆಯುತ್ತಾರೆಂದೂ ಉತ್ತರಿಸಿದೆ. ಹಣದ ಮಾತು ನೆಪವಾಗಿತ್ತು. ಅಷ್ಟುದ್ದದ ವೆಲ್ಕ್ರೋ ನಮ್ಮ ಡಬ್ಬಿಯಲ್ಲೇ ಇತ್ತು. ಗರಿಗಳ ಸಾಲು ಕೆಡಬಾರದೆಂಬುದೊಂದೇ ನನ್ನ ಮನಸ್ಸಿನಲ್ಲಿದ್ದುದು.

ಕಾರ್ಯಕ್ರಮದ ದಿನ ನಟರು ಸಿದ್ಧರಾಗಬೇಕಾದ ಹೊತ್ತು, ಅಂದರೆ ಕಾಲ್ ಟೈಮ್, ತಪ್ಪಿ, ಎಂಟ್ರಿಗಿಂತ ಬಹಳ ಮೊದಲೇ ಅವನಿಗೆ ವೇಷ ತೊಡಿಸಿ ವೇದಿಕೆಯ ಪಕ್ಕದ ಮರೆಯಲ್ಲಿರುವ ವಿಂಗ್‌ನಲ್ಲಿ ನಿಲ್ಲಿಸಬೇಕಾಯಿತು. ಮೂರನೆಯ ಕ್ಯೂ, ಅಂದರೆ ಸೂಚನೆ, ಆದ ಸ್ವಲ್ಪ ಹೊತ್ತಿಗೆ ಹಕ್ಕಿ ವೇದಿಕೆಯ ನಡುವೆ ನಿಂತು ಎಡ ರೆಕ್ಕೆಯನ್ನು ಎತ್ತಿತು. ಮಕ್ಕಳು ಹೋ ಎಂದು ಕೈ ಬೀಸಿದರು. ಹಕ್ಕಿ ಮತ್ತೆ ರೆಕ್ಕೆ ಎತ್ತಿತು, ಮಕ್ಕಳು ಮತ್ತೆ ಕೈ ಬೀಸಿದರು. ಮಕ್ಕಳೊಡನೆ ಆಡುತ್ತಿದ್ದಾನೆಂದು ವಿಂಗ್‌ನಲ್ಲಿ ನಿಂತು ನಾನೂ ನಗುತ್ತಿದ್ದೆ. ತೊಂದರೆಯಾದರೆ ಏನು ಸನ್ನೆ ಮಾಡಬೇಕೆಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಹಕ್ಕಿಯ ಒಂದು ಮೊಣಕಾಲು ನೆಲಕ್ಕೆ ಊರಿದಾಗಷ್ಟೇ ನನಗೆ ಅರಿವಾದದ್ದು.

ಪರದೆ ಎಳೆಸಿ ಅವನನ್ನು ವಿಂಗ್‌ಗೆ ತಂದೆವು. ಎತ್ತಿ ತೆಗೆಯೋಣವೆಂದರೆ ಅವನು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಕುಳಿತವನ ಮೈಯಿಂದ ಬಳೆಗಳು ಮೇಲೆ ಬರುತ್ತಿರಲಿಲ್ಲ. ಹೆಲ್ಮೆಟ್ಟಿನ ಬಕಲ್ ಗಲ್ಲದ ಕೆಳಗೆ, ನಾನು ಹೊಲಿದು ಮುಚ್ಚಿದ ಕುತ್ತಿಗೆಯೊಳಗಿತ್ತು. ಒಬ್ಬಳು ಡ್ರೆಸ್ಸರ್ ಬಲೆಯನ್ನು ಕಿತ್ತು, "ಗಾಳಿ ಬರ್ತಿದೆಯಾ?" ಎಂದು ಕೂಗಿ ಕೇಳುತ್ತಿದ್ದಳು. ನಾನು ದೊಡ್ಡ ಕತ್ತರಿ ತೆಗೆದುಕೊಂಡೆ. ಆದರೆ ಫೋಮ್ ಎಲ್ಲಿ ಮುಗಿದು ಅವನ ಬೆನ್ನು ಎಲ್ಲಿ ಶುರುವಾಗುತ್ತದೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಎಡಗೈಯನ್ನು ಕೆಳಗಿನಿಂದ ತೂರಿಸಿ, ಅಂಗೈಯನ್ನು ಫೋಮಿಗೆ ಒತ್ತಿ ಹಿಡಿದು, ನನ್ನ ಅಂಗೈಯ ಮೇಲೆಯೇ ಕತ್ತರಿ ನಡೆಸುತ್ತಾ ಗೇಣುಗೇಣಾಗಿ ಮೇಲಕ್ಕೆ ಹೋದೆ. ಮುಂಗೈಗೆ ತಾಗುತ್ತಿದ್ದ ಅವನ ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿತ್ತು, ಅವನ ಬೆನ್ನು ಸುಡುತ್ತಿತ್ತು. ಫೋಮ್ ಶಾಖವನ್ನು ಹೊರಗೆ ಬಿಡುವುದಿಲ್ಲ, ಗಾಳಿಯಾಡದ ಕಡೆ ಬೆವರು ಆರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕುತ್ತಿಗೆಯ ಬಳಿ ನಾನೇ ಎರಡೆಳೆ ದಾರದಲ್ಲಿ ಹಾಕಿದ್ದ ಹೊಲಿಗೆ ಕತ್ತರಿಗೆ ಬೇಗ ಸಿಗಲಿಲ್ಲ. ಆ ಹೊಲಿಗೆಯ ಒಂದೊಂದು ಗಂಟನ್ನೂ ಈಗಲೂ ಎಣಿಸಬಲ್ಲೆ.

ತಲೆ ಕಳಚಿದಾಗ ಅವನ ಮುಖ ಕೆಂಪಾಗಿತ್ತು, ಕಣ್ಣು ತೆರೆದಿತ್ತು. ತಣ್ಣೀರ ಬಟ್ಟೆ, ಫ್ಯಾನು, ಸಣ್ಣ ಗುಟುಕುಗಳಲ್ಲಿ ನೀರು. ಕರೆಸಿದ ವೈದ್ಯರು ಅಪಾಯವಿಲ್ಲ ಎನ್ನುವವರೆಗೆ ನಾನು ಅವನ ಪಕ್ಕದಿಂದ ಏಳಲಿಲ್ಲ. ಅವನು ನನ್ನನ್ನು ದೂರಲಿಲ್ಲ, ಫಿಟ್ಟಿಂಗ್‌ನ ಮಾತನ್ನು ಎತ್ತಲೂ ಇಲ್ಲ. ಮಾರನೆಯ ದಿನದ ಮೀಟಿಂಗ್‌ನಲ್ಲಿ ನಾನೇ ಎತ್ತಿದೆ. ಮೇಲಿನವರು ಕಡಿತದ ಬಗ್ಗೆ ಏನೂ ಹೇಳದೆ, ಮುಂದಿನ ಸಲ ಜಾಗ್ರತೆಯಾಗಿರಿ ಎಂದಷ್ಟೇ ಹೇಳಿ ಮುಗಿಸಿದರು.

ಹಕ್ಕಿಯನ್ನು ನಾನು ಎಸೆಯಲಿಲ್ಲ. ಕತ್ತರಿಸಿದ ಸೀಳಿನ ಎರಡೂ ಅಂಚುಗಳಿಗೆ ಪಟ್ಟಿ ಕೊಟ್ಟು, ಒಂದೇ ಎಳೆತಕ್ಕೆ ಬಿಚ್ಚುವಂತೆ ಉದ್ದಕ್ಕೂ ವೆಲ್ಕ್ರೋ ಹೊಲಿದೆ. ತಲೆಯ ತುದಿಯಲ್ಲಿ ಗಾಳಿಗೆಂದು ಬಲೆಯ ಇನ್ನೊಂದು ಕಿಂಡಿ ಮಾಡಿದೆ. ಗರಿಗಳ ಸಾಲು ಬೆನ್ನಿನ ನಡುವೆ ಈಗ ಒಡೆದು ಕಾಣುತ್ತದೆ. ಆಮೇಲೆ ಅದನ್ನು ನಾನೇ ತೊಟ್ಟು, ಲೈಟ್‌ಗಳನ್ನೆಲ್ಲ ಹಾಕಿಸಿ ವೇದಿಕೆಯ ಮೇಲೆ ನಡೆದೆ. 12 ನಿಮಿಷಕ್ಕೆ ಸಾಕೆನಿಸಿ ರೆಕ್ಕೆ ಎತ್ತಿದೆ, ಡ್ರೆಸ್ಸರ್ ಬಂದು ಬೆನ್ನು ಬಿಚ್ಚಿದಳು. "ಹೆಚ್ಚೆಂದರೆ 8 ನಿಮಿಷ" ಎಂದು ಬಟ್ಟೆಯ ತುಂಡಿನ ಮೇಲೆ ಬರೆದು ಕಿಂಡಿಯ ಪಕ್ಕದಲ್ಲಿ, ತೊಟ್ಟವರ ಕಣ್ಣಿಗೆ ಬೀಳುವಲ್ಲಿ ಹೊಲಿದಿದ್ದೇನೆ.