ಶುಕ್ರವಾರದ ಬೇವು, ರವಿವಾರದ ಬೆಲ್ಲ

ಈಸ್ಟರ್ ಮುಗದು ಇನ್ನೂ ವಾರ ಆಗಿಲ್ಲ. ಕರ್ತನಿಗೆ ಸ್ತೋತ್ರ ಹೇಳದ ಸುಮ್ಮನ ಕೂಡಾಕ ಮನಸ್ಸು ಕೇಳವಲ್ದು, ಅದಕ್ಕ ಬರಿಯಾಕತ್ತೀನಿ. ಈ ಸಲ ನಮ್ಮ ಮನ್ಯಾಗ ಶ್ರಮೆಯ ವಾರ, ಅಂದ್ರ ಯೇಸುವಿನ ಕಷ್ಟ ಮರಣ ನೆನೆಯೋ ಈಸ್ಟರ್ ಹಿಂದಿನ ವಾರ, ಖರೇನ ಶ್ರಮೆಯ ವಾರ ಆಗಿ ನಡೀತು, ಮಕ್ಕಳು ಸುದ್ದಾ ಕೂತು ಕೇಳಿದ್ರು, ಕೇಳಿದ್ದಷ್ಟ ಅಲ್ಲ, ತಾವಾಗೇ ಪ್ರಶ್ನೆ ಕೇಳಿದ್ರು. ತಾಯಿ ಆದಾಕಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಯಾವುದೈತಿ ಹೇಳ್ರಿ.

ಯಾಕ ಇಷ್ಟು ಹೇಳ್ತೀನಿ ಅಂದ್ರ ನಮ್ಮ ಮಂದ್ಯಾಗ ಈ ವಾರ ಈಗೀಗ ಭಾಳ ಸಣ್ಣದಾಗೇತಿ. ಗರಿಗಳ ಹಬ್ಬದ ದಿನ ತೆಂಗಿನ ಗರಿ ಹಿಡಕೊಂಡು ಹೊಸನ್ನ ಅಂತ ಕೂಗಿ ಮನಿಗೆ ಬಂದವರು ಸೀದಾ ಮುಂದಿನ ರವಿವಾರದ ಬಿರಿಯಾನಿ ವಿಚಾರಕ್ಕ ಹೋಗಿಬಿಡ್ತಾರ. ನಡುವಿನ ದಿನ ಎಲ್ಲಿ ಹೋದವು? ಶುಭ ಶುಕ್ರವಾರ ಮುಂಜಾನೆ ಫೋನ್ ತಗದ್ರ ಹ್ಯಾಪಿ ಗುಡ್ ಫ್ರೈಡೆ ಅಂತ ಗುಲಾಬಿ ಹೂವಿನ ಫೋಟೋ, ಕಳಿಸಿದವರು ನಮ್ಮ ಸಭೆಯವರ, ಸಂಡೇ ಸ್ಕೂಲಿನ್ಯಾಗ ಕೂಡಿ ಬೆಳದವರು. ನೋಡಿ ನನಗ ಸಿಟ್ಟಲ್ಲ, ಸಂಕಟ ಆಕ್ಕೈತಿ. ಸತ್ತವರ ಮನಿ ಬಾಗಿಲಕ್ಕ ನಿಂತು ಯಾರರ ಹಂಗ ಹ್ಯಾಪಿ ಅಂತಾರೇನು? ಸಂಜೀಕ ಐಪಿಎಲ್, ಶನಿವಾರ ಅರಿವಿ ಖರೀದಿ, ಅಲ್ಲಿಗೆ ಮುಗೀತು.

ನಾನು ಹುಟ್ಟಿದ್ದು ಗುಳೇದಗುಡ್ಡ. ಮಂಗಳೂರಿಗೆ 1834ರಾಗ ಬಂದ ಬಾಸೆಲ್ ಮಿಶನ್ನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಾಗ ನಮ್ಮೂರಿಗೆ ಬಂದು ನೆಲಿ ನಿಂತ್ರು, ಊರ ತುಂಬ ಮಗ್ಗ, ಖಣ ನೇಯೋ ಮನೆತನಗಳು. ನಮ್ಮದೂ ಅಂಥಾದ್ದ ಮನಿ. ಅಪ್ಪನ ಅವ್ವ, ನಮ್ಮ ಆಯಿ, ತಗ್ಗಿನ ಮಗ್ಗದಾಗ ಕಾಲು ಇಳಿಬಿಟ್ಟು ಕೂತ್ಲು ಅಂದ್ರ ಲಾಳಿ ಸಪ್ಪಳಾನ ನಮಗ ಗಡಿಯಾರ. ಆ ಸಪ್ಪಳ ವರ್ಷದಾಗ ಕೆಲಸದ ದಿನ ನಿಲ್ತಿದ್ದುದು ಶುಭ ಶುಕ್ರವಾರ. ಗುರುವಾರ ರಾತ್ರಿನ ಮಗ್ಗದ ಮ್ಯಾಲ ಬಿಳಿ ದುಪ್ಪಟ್ಟಿ ಹೊಚ್ಚಿ ಬಿಡ್ತಿದ್ಲು. ಆಜೂಬಾಜೂ ಮನ್ಯಾಗ ಮಗ್ಗ ನಡದಿರ್ತಿದ್ವು, ನಮ್ಮದೊಂದ ಸುಮ್ಮನ. ಯಾಕ ಆಯಿ ಅಂದ್ರ, ಆತನ ಅಂಗಿಗೆ ಹೊಲಿಗಿ ಇದ್ದಿಲ್ಲವ್ವ, ಮ್ಯಾಲಿಂದ ಕೆಳಗಿನ ತನಕ ಒಂದ ನೇಯ್ಗಿ, ಅದನ್ನ ನೇಯ್ದಾಕಿ ಯಾರೋ ಏನೋ, ಅಂಥಾ ಅಂಗಿಗೆ ಸಿಪಾಯಿಗಳು ಚೀಟಿ ಹಾಕಿದ್ರು, ಇವತ್ತ ನನ್ನ ಕೈ ಏಳೂದಿಲ್ಲ ಅಂತಿದ್ಲು. ಯೋಹಾನ 19ನೇ ಅಧ್ಯಾಯ ಓದೋವಾಗ ಎಲ್ಲಾರೂ ಶಿಲುಬಿ ನೋಡಿದ್ರ ಆಯಿ ಆ ಅಂಗಿ ನೋಡ್ತಿದ್ಲು.

ಆದ್ರ ನನ್ನ ಜೀವಕ್ಕ ಅಂಟಿಕೊಂಡಿದ್ದು ಮಗ್ಗ ಅಲ್ಲ, ಬೇವು. ಮೂರು ತಾಸಿನ ಆರಾಧನೆ ಮುಗಿಸಿ ಮನಿಗೆ ಬಂದ ಕೂಡ್ಲೇ, ಮುಂಜಾನಿಂದ ಉಪವಾಸ ಇದ್ದ ಬಾಯಿಗೆ, ಗಂಜಿಗಿಂತ ಮೊದಲ ಒಂದು ಚಮಚ ಬೇವಿನ ರಸ. ಒಳಕಲ್ಲಾಗ ಅರದು, ಅರಿವ್ಯಾಗ ಹಿಂಡಿ, ಹಿತ್ತಾಳಿ ಬಟ್ಟಲದಾಗ ಇಟ್ಟಿರ್ತಿದ್ಲು. ಹಚ್ಚಗ, ನೊರಿ ನೊರಿ. ದೊಡ್ಡವರಿಗೂ ಅಷ್ಟ, ಸಣ್ಣವರಿಗೂ ಅಷ್ಟ. ಆ ಕಹಿ ನಾಲಿಗಿಗೆ ತಗಲಿದ್ದಷ್ಟ ಅಲ್ಲ, ಕಿವಿ ಹಿಂದಿನ ತನಕ ಏರತಿತ್ತು, ಕಣ್ಣಾಗ ನೀರು ಬರ್ತಿತ್ತು, ನೀರು ಕುಡದ್ರ ನೀರೂ ಕಹಿ, ಗಂಜಿ ಉಂಡ್ರ ಗಂಜೀನೂ ಕಹಿ, ರಾತ್ರಿ ಮಲಗಿದ ಮ್ಯಾಲೂ ಗಂಟಲಾಗ ಕಹಿ. ಈಗಲೂ ಎಲ್ಲಿ ಹೋದ್ರೂ ಬೇವಿನ ಗಿಡದ ಕೆಳಗ ನಿಂತ್ರ ನನ್ನ ಬಾಯಿ ಒಣಗತೈತಿ, ಕರ್ತನ್ನ ಶಿಲುಬಿಗೆ ಹಾಕಿದ ಗೊಲ್ಗೊಥಾ ನೆನಪಾಕ್ಕೈತಿ. ಗೊಲ್ಗೊಥಾಕ್ಕ ಮುಟ್ಟಿದ ಮ್ಯಾಲ ಕಹಿ ಬೆರೆಸಿದ ದ್ರಾಕ್ಷಾರಸ ಕೊಟ್ರು, ಆತ ರುಚಿ ನೋಡಿ ಕುಡಿಯಾಕ ಒಲ್ಲೆ ಅಂದ, ಮತ್ತಾಯ 27ರಾಗ ಐತಿ. ರುಚಿ ನೋಡಿದ, ಅಷ್ಟ ನೀವೂ ನೋಡ್ರಿ, ಅನ್ನೋದು ಆಯಿ ಮಾತು.

ಯುಗಾದಿ ಆಗಿ ಸ್ವಲ್ಪ ದಿನಕ್ಕ ಈ ವಾರ ಬರ್ತದಲ್ಲ, ಬಾಜೂ ಮನಿಯವರು ಕೊಟ್ಟ ಬೇವು ಬೆಲ್ಲ ತಿಂದು ರೂಢಿ ಆದ ನಾವು ಸಣ್ಣ ಹುಡುಗೂರು, ಬೆಲ್ಲ ಎಲ್ಲೈತಿ ಆಯಿ ಅಂತ ಗಂಟ ಬೀಳ್ತಿದ್ವಿ. ಬೆಲ್ಲ ರವಿವಾರ, ಅಂತಿದ್ಲು. ಅಷ್ಟ. ಮತ್ತ ಮಾತಿಲ್ಲ. ಶುಕ್ರವಾರ ರಾತ್ರಿ, ಇಡೀ ಶನಿವಾರ, ಬೆಲ್ಲದ ಡಬ್ಬಿ ಕಣ್ಣಿಗೆ ಬಿದ್ರೂ ಯಾರೂ ಕೈ ಹಾಕ್ತಿದ್ದಿಲ್ಲ.

ಈಗ ನಾವು ಬಾಗಲಕೋಟಿ ನವನಗರದಾಗ ಇರೋದು. ಮಗ್ಗ ಇಲ್ಲ, ಆಯೀನೂ ಇಲ್ಲ. ಈ ವರ್ಷ ಈಸ್ಟರ್ ಹಿಂದಿನ ಉಪವಾಸದ ಕಾಲ ಸುರು ಆಗೋ ಬೂದಿ ಬುಧವಾರದ ದಿನಾನ ನಾನು ಮನೆಯವರ ಕೂಡ ಕೂತು ಮಾತಾಡಿದೆ, ಶ್ರಮೆಯ ವಾರ ಸಂಜಿ ಪ್ರಾರ್ಥನಿ ಹೊತ್ತಿಗೆ ಟಿವಿ ಬಂದ್, ಫೋನು ಕಪಾಟಿನ್ಯಾಗ, ಸತ್ಯವೇದ ಸರದಿ ಮ್ಯಾಲ ಎಲ್ಲಾರೂ ಓದೋದು. ಸೋಮವಾರ ದೇವಾಲಯದಾಗ ವ್ಯಾಪಾರದವರನ್ನ ಹೊರಗ ಹಾಕಿದ್ದು, ಮಂಗಳವಾರ ಬಡ ವಿಧವೆಯ ಎರಡು ಕಾಸು, ಬುಧವಾರ ಬೇಥಾನ್ಯದ ಸುಗಂಧ ತೈಲ ಮತ್ತ ಕರ್ತನ್ನ ಹಿಡಕೊಟ್ಟ ಯೂದನ ಮೂವತ್ತು ಬೆಳ್ಳಿ ನಾಣ್ಯ. ಮಗ ಹೈಸ್ಕೂಲು, ಮೊದಲನೇ ದಿನ ಮುಖ ಊದಿಸ್ಕೊಂಡಿದ್ದ, ಬುಧವಾರಕ್ಕ ಅಂವಾನ ಪುಸ್ತಕ ತಂದು ಇಟ್ಟಿದ್ದ. ಇದು ನಮ್ಮ ಶಾಣ್ಯಾತನ ಅಲ್ಲ, ವಾಕ್ಯಕ್ಕ ತನ್ನದ ಬಲ ಐತಿ, ನಾವು ಜಾಗಾ ಮಾಡಿಕೊಡಬೇಕಷ್ಟ.

ಗುರುವಾರದ್ದು ಸ್ವಲ್ಪ ಹೆಚ್ಚಿಗೆ ಹೇಳ್ತೀನಿ. ಚರ್ಚಿನ್ಯಾಗ ಕರ್ತನ ಭೋಜನ ಮುಗಿಸಿ ಬಂದ ಮ್ಯಾಲ ನಮ್ಮ ಮನೆಯವರು ಬೋಗುಣ್ಯಾಗ ನೀರು ತಂದು, ಸೊಂಟಕ್ಕ ಟವೆಲ್ ಸುತ್ತಿಕೊಂಡು ಅವರವ್ವನ ಮುಂದ ನೆಲದ ಮ್ಯಾಲ ಕೂತ್ರು. ನಮ್ಮ ಅತ್ತಿ ಕಾಲು ಎಳಕೊಂಡು ಸೀರಿ ಒಳಗ ಮುಚ್ಚಿಕೊಂಡ್ರು, ಬ್ಯಾಡೋ ಯಪ್ಪಾ, ನೀ ನನ್ನ ಕಾಲು ಹಿಡೀಬ್ಯಾಡ, ಹಿಮ್ಮಡಿ ಎಲ್ಲಾ ಒಡದಾವು, ಹೊಲಸು ಅದಾವು ಅಂತ. ಮಗಳು ಅಂದ್ಲು, ಅಮ್ಮಾ ನೀ ಪೇತ್ರನಂಗ ಅನ್ನಾಕತ್ತಿ. ಕರ್ತ ಶಿಷ್ಯರ ಕಾಲು ತೊಳಿಯಾಕ ಬಂದಾಗ ಪೇತ್ರನೂ ಹಿಂಗ ಬ್ಯಾಡ ಅಂದಿದ್ದ. ಎಲ್ಲಾರೂ ಸುಮ್ಮನಾದ್ವಿ. ಅತ್ತಿ ಒಂದೊಂದ ಕಾಲು ಹೊರಗ ಬಿಟ್ರು. ಒಡದ ಹಿಮ್ಮಡಿ ಬಿರಕಿನ್ಯಾಗ ಕಪ್ಪು ಗೆರಿ, ಹೆಬ್ಬೆರಳಿನ ಉಗುರು ಮುರದು ದಪ್ಪ ಆಗಿತ್ತು, ಮಕ್ಕಳ ಅಪ್ಪ ಆ ಉಗುರಿನ ಸುತ್ತ ಬೆರಳಿಂದ ತಿಕ್ಕಿ ತಿಕ್ಕಿ ತೊಳದ್ರು, ಟವೆಲ್ಲಿಂದ ಬೆರಳ ಸಂದಿ ಸುದ್ದಾ ಒರಸಿದ್ರು. ಆಮ್ಯಾಲ ಮಗ ಎದ್ದು ತಂಗಿ ಕಾಲು ತೊಳದ, ನಾವು ಯಾರೂ ಹೇಳಿದ್ದಿಲ್ಲ. ದಿನಾ ಬೆಳಗಾದ್ರ ಜಗಳಾಡೋ ಮಕ್ಕಳು ಇವು. ಕರ್ತ ಆ ರಾತ್ರಿ ಯೂದನ ಕಾಲೂ ತೊಳದಿದ್ದ ಅಂತ ಅತ್ತಿ ಹೇಳಿದಾಗ ನನಗ ತಡಿಯಾಕ ಆಗಲಿಲ್ಲ, ಒಳಗ ಹೋಗಿ ಅತ್ತೆ.

ಅವತ್ತ ಹುಣ್ಣಿಮಿ, ದವನದ ಹುಣ್ಣಿಮಿ. 2026ರಾಗ ಹುಣ್ಣಿಮಿ ಗುರುವಾರಾನ ಬಿತ್ತು, ಈಸ್ಟರ್ ಏಪ್ರಿಲ್ 5ಕ್ಕ ಬಂತು. ಮಾರ್ಚ್ 21ಕ್ಕ ಇಲ್ಲಾ ಅದರ ಆಚೆ ಬರೋ ಮೊದಲನೇ ಹುಣ್ಣಿಮಿ ಹಿಡದ, ಅದರ ಮುಂದಿನ ರವಿವಾರ ಈಸ್ಟರ್ ಅಂತ ಲೆಕ್ಕ, ಯೆಹೂದ್ಯರ ಪಸ್ಕ ಹಬ್ಬಾನೂ ಹುಣ್ಣಿಮಿಗೇ. ಮಾಳಿಗಿ ಮ್ಯಾಲ ಎಲ್ಲಾರೂ ನಿಂತಾಗ ಮಗ ಕೇಳಿದ, ಕರ್ತನ್ನ ಹಿಡದ ಪಸ್ಕದ ರಾತ್ರಿ ಗೆತ್ಸೆಮನೆ ತೋಟದಾಗ ಹಂಗಾದ್ರ ಬೆಳದಿಂಗಳು ಇತ್ತಲ್ಲ, ಪಂಜು ಯಾಕ ತಂದ್ರು ಅಂತ. ನನ್ನ ಕಡೆ ಉತ್ತರ ಇದ್ದಿಲ್ಲ, ಪ್ರಶ್ನೆ ಮಾತ್ರ ಭಾಳ ಛಲೋ ಅನಿಸ್ತು.

ಶುಕ್ರವಾರ ಹನ್ನೆರಡರಿಂದ ಮೂರರ ತನಕ, ಶಿಲುಬಿ ಮ್ಯಾಲ ಕರ್ತ ಆಡಿದ ಏಳು ಮಾತುಗಳ ಆರಾಧನೆ. ನಮ್ಮ ಕಡೆ ಏಪ್ರಿಲ್ ಬಿಸಲು ನಿಮಗ ಗೊತ್ತೈತಿ, ಫ್ಯಾನ್ ಗಾಳೀನೂ ಬೆಂಕಿ. ಹಳೇ ಜರ್ಮನ್ ರಾಗದ ಶ್ರಮೆಯ ಹಾಡು, ಎಳದು ಎಳದು ಹಾಡೋದು, ಒಂದ ಹಾಡಿಗೆ ಬೆನ್ನು ಪೂರಾ ತೊಯ್ತದ. ನಾಲ್ಕನೇ ಮಾತಿಗೆ ಮಗಳು ನನ್ನ ಕೈ ಹಿಡಕೊಂಡ್ಲು, ಐದನೇ ಮಾತು, ನೀರಡಿಕೆಯಾಗಿದೆ ಅನ್ನೋದು ಬಂದಾಗ ನನ್ನ ಒಣಗಿದ ಗಂಟಲಿಗೆ ಅದನ್ನ ಯಾರೂ ಬಿಡಿಸಿ ಹೇಳೋದು ಬೇಕಾಗಲಿಲ್ಲ. ಎಷ್ಟೋ ಮಂದಿ ಅರ್ಧಕ್ಕ ಎದ್ದು ಹೋದ್ರು. ವಯಸ್ಸಾದವರು, ಬೇನಿ ಇದ್ದವರು ಹೋಗಲಿ, ಆದ್ರ ಗಟ್ಟಿಮುಟ್ಟು ಇದ್ದವರು ಮೂರು ತಾಸು ಆತನ ಹತ್ರ ಕೂಡಾಕ ಆಗೂದಿಲ್ಲೇನ್ರಿ? ಮೂರು ತಾಸಿನ ಸಿನಿಮಾ ನೋಡ್ತೀವಿ.

ಮನಿಗೆ ಬಂದು ಬೇವು ಅರದೆ. ಮಿಕ್ಸರ್‌ನ್ಯಾಗ, ಖರೆ, ಆದ್ರ ಬಟ್ಟಲು ಆಯಿದ. ಮಗ ಒಂದ ಗುಟುಕಿಗೆ ನುಂಗಿದ, ಮಗಳು ಕಣ್ಣು ಮುಚ್ಚಿ ಮೂಗು ಹಿಡಕೊಂಡು ಕುಡದು, ಬೆಲ್ಲ ಕೊಡು ಅಂದ್ಲು. ಬೆಲ್ಲ ರವಿವಾರ ಅಂದೆ. ನನ್ನ ಬಾಯಿಂದ ಆಯಿ ದನಿ ಬಂದಂಗಾತು.

ಶನಿವಾರಕ್ಕ ನಮ್ಮಲ್ಲಿ ಯಾರೂ ಲಕ್ಷ್ಯ ಕೊಡೂದಿಲ್ಲ. ಶಿಷ್ಯರು ಆ ದಿನ ಏನು ಮಾಡಿದ್ರು ಅಂತ ಸುವಾರ್ತೆಯೊಳಗ ಹೆಚ್ಚಿಗಿ ಇಲ್ಲ. ಹೆಣಮಕ್ಕಳು ಕಟ್ಟಳೆ ಪ್ರಕಾರ ವಿಶ್ರಾಂತಿ ತಗೊಂಡ್ರು ಅಂತ ಲೂಕ ಬರದಾನ, ಕಲ್ಲಿಗೆ ಮುದ್ರಿ ಹಾಕಿ ಕಾವಲು ಇಟ್ರು ಅಂತ ಮತ್ತಾಯ ಬರದಾನ. ಆ ಹೆಣಮಕ್ಕಳಿಗೆ ರವಿವಾರ ಏನಾಗ್ತದ ಅಂತ ಗೊತ್ತಿದ್ದಿಲ್ಲ. ಸುಗಂಧ ದ್ರವ್ಯ ಸಜ್ಜು ಮಾಡಿ ಇಟ್ಟಿದ್ದು ಹೆಣಕ್ಕ. ನನ್ನ ಗೆಳತಿ ಒಬ್ಬಾಕಿ ಗಂಡನ್ನ ಕಳಕೊಂಡು ಇನ್ನೂ ಆ ಶನಿವಾರದಾಗ ಕೂತಾಳ. ನಾವು ಶನಿವಾರಾನ ಹಬ್ಬದ ಗದ್ದಲ ಹಚ್ಚಿದ್ರ ಆಕಿ ಎಲ್ಲಿ ಕೂಡಬೇಕು? ಅದಕ್ಕ ಈ ಸಲ ಅವತ್ತ ಒಲಿ ಮ್ಯಾಲ ಅನ್ನ ಸಾರು ಬಿಟ್ರ ಏನೂ ಇಡಲಿಲ್ಲ, ಆಕಿ ಮನಿಗೆ ಹೋಗಿ ಸಂಜೀತನ ಆಕಿ ಕೂಡ ಕೂತು ಬಂದೆ.

ರವಿವಾರ ಕತ್ತಲಿದ್ದಾಗ ಗುಳೇದಗುಡ್ಡದ ಸಮಾಧಿ ಬಯಲಿಗೆ ಹೋದ್ವಿ. ಸಮಾಧಿ ಸಮಾಧಿಗೆ ಮೇಣದಬತ್ತಿ, ಸೇವಂತಿಗಿ ಹೂವು, ಮಂದಿ ಎಲ್ಲಾ ತಮ್ಮ ತಮ್ಮವರ ಹತ್ರ ನಿಂತಿದ್ರು. ಕ್ರಿಸ್ತ ಎದ್ದಿದ್ದಾನೆ ಅಂತ ಅಯ್ಯನವರು ಕೂಗಿದಾಗ, ನಿಜವಾಗಿಯೂ ಎದ್ದಿದ್ದಾನೆ ಅಂತ ಎಲ್ಲಾರಕಿಂತ ಜೋರು ಕೂಗಿದಾಕಿ ನನ್ನ ಮಗಳು. ಸೆರಗಿನ ಗಂಟಿನ್ಯಾಗ ಬೆಲ್ಲ ಕಟಗೊಂಡು ಒಯ್ದಿದ್ದೆ. ಆಯಿ ಸಮಾಧಿ ಮುಂದ ಬಿಚ್ಚಿ ಮಕ್ಕಳ ಬಾಯಿಗೆ ಹಾಕಿದೆ, ಮನೆಯವರಿಗೆ, ಅತ್ತಿಗೆ, ಆಜೂಬಾಜೂ ಸಮಾಧಿ ಹತ್ರ ನಿಂತವರಿಗೂ ಕೊಟ್ಟೆ. ಒಬ್ಬ ಅಜ್ಜ, ಇದು ನಿಮ್ಮ ಆಯಿ ಕೊಡ್ತಿದ್ಲಲ್ಲ ಅಂತ ಕೈ ಚಾಚಿ ಇನ್ನೊಂದು ತುಣುಕು ಇಸ್ಕೊಂಡ. ಆ ಸಿಹಿ ಎಂಥಾದ್ದಂದ್ರ, ಅಂಗಡಿ ಬೆಲ್ಲಾನ ಅದು, ಆದ್ರ ಶುಕ್ರವಾರದಿಂದ ಕಾದ ನಾಲಿಗಿಗೆ ಅದು ಬ್ಯಾರೇನ.

ಮಧ್ಯಾಹ್ನ ಕೋಳಿ ಸಾರು, ಹೋಳಿಗಿ, ಬಂದ ಮಂದಿ, ನಗಿ, ಎಲ್ಲಾ ಆತು. ಹಬ್ಬದ ಊಟ ಬ್ಯಾಡ ಅನ್ನಾಕಿ ನಾನಲ್ಲ, ಎದ್ದು ಬಂದ ಕರ್ತನೂ ಶಿಷ್ಯರ ಮುಂದ ಸುಟ್ಟ ಮೀನು ತಿಂದ. ರಾತ್ರಿ ಊಟ ಮುಗದ ಮ್ಯಾಲ ವಾರ ಮುಗೀತಲ್ಲ, ಇನ್ನ ಫೋನು ಕೊಡ್ತಾರ ಅಂತ ಮಗ ಕಪಾಟಿನ ಹತ್ರ ಹೋದ. ಅತ್ತಿ ಸತ್ಯವೇದ ತಗದು, ತಡಿಯಪ್ಪ, ಎಮ್ಮಾಹು ಊರಿಗೆ ಹೋಗೋ ದಾರ್ಯಾಗ ಕರ್ತ ಸಿಕ್ಕವರದ್ದು ಇನ್ನೂ ಉಳದೈತಿ ಅಂತ ಲೂಕ 24 ತಗದ್ರು. ಮಗ ಕೂತು ಕೇಳಿದ. ಮೇ 14ಕ್ಕ ಸ್ವರ್ಗಾರೋಹಣ, ಅಲ್ಲಿತನಕ ದಿನಾ ಸಂಜೀಕ ಓದೂದು ಬಿಡೂದಿಲ್ಲ ಅಂತ ಅತ್ತಿ ಹೇಳ್ಯಾರ, ನಾಳಿನ ಸರದಿ ಮಗಳದು.