13 ಪ್ರಶ್ನೆ, 14 ಮನೆ: ಮೂರನೇ ವಾರ

ಭಾನುವಾರಕ್ಕೆ 14 ಮನೆ ಮುಗಿದವು. ಹೊಸದಾಗಿ ಓದುವವರಿಗೆ ಒಂದು ಮಾತು: ಯುರೋಪ್ ಒಕ್ಕೂಟದವರು ತಮ್ಮ ದೇಶಗಳಲ್ಲಿ ಬಡತನ ಅಳೆಯಲು ಕೇಳುವ 13 ಬಾಬ್ತುಗಳನ್ನು ದಾವಣಗೆರೆಯ ನಮ್ಮ ಬೀದಿಯಲ್ಲಿ, ಅಂದರೆ ಮಂಡಕ್ಕಿ ಭಟ್ಟಿಗಳ ಹತ್ತಿರ, ಕೇಳಿ ನೋಡುತ್ತಿದ್ದೇನೆ. ಯಾರ ಹೆಸರೂ ಬರೆದುಕೊಳ್ಳುತ್ತಿಲ್ಲ, ಮನೆಗೊಂದು ನಂಬರ್ ಅಷ್ಟೇ.

ಆದಾಯದ ಕಾಲಂ ಕೈಬಿಟ್ಟೆ. ದೇಶದ ನಟ್ಟನಡುವಿನ ಆದಾಯದ 60%ಗಿಂತ ಕೆಳಗಿದ್ದರೆ ಬಡತನದ ಅಪಾಯ ಅನ್ನುವುದು ಅವರ ಇನ್ನೊಂದು ಅಳತೆ. ಇಲ್ಲಿ ದಿನಗೂಲಿಯವರಿಗೆ ತಿಂಗಳ ಲೆಕ್ಕವೇ ಇರುವುದಿಲ್ಲ, ಇದ್ದರೂ ನನಗ್ಯಾಕೆ ಹೇಳ್ತಾರೆ!

ಬಾಬ್ತುಗಳ ಕಡೆ ಬರೋಣ. ದಿಢೀರ್ ಖರ್ಚು ಬಂದರೆ ತಡೆದುಕೊಳ್ಳಲು ಆಗುತ್ತಾ, ವರ್ಷಕ್ಕೊಂದು ವಾರ ಊರು ಬಿಟ್ಟು ಹೋಗಿಬರಲು ಆಗುತ್ತಾ, ಬಾಡಿಗೆ ಕಂತು ಬಾಕಿಯಿಲ್ಲದೆ ಕಟ್ಟಲು ಆಗುತ್ತಾ, ಎರಡು ಜೊತೆ ಚಪ್ಪಲಿ-ಶೂ ಇದೆಯಾ, ಹೀಗೆ. 13ರಲ್ಲಿ 7 ಅಥವಾ ಜಾಸ್ತಿ ಬಾಬ್ತುಗಳಿಗೆ "ಇಲ್ಲ" ಅಂತ ಬಂದರೆ ತೀವ್ರ ಕೊರತೆ. "ಮನೆ ಬೆಚ್ಚಗಿಡಲು ಆಗುತ್ತಾ" ಅಂತ ಕೇಳಿದಾಗ ಎದುರುಮನೆ ಅಜ್ಜಿ "ತಣ್ಣಗಿಡೋದು ಹೆಂಗೆ ಅಂತ ಹೇಳು ತಮ್ಮಾ" ಅಂದರು. ಆಮೇಲೆ ಅದನ್ನು "ಮಳೆಗಾಲದಲ್ಲಿ ಸೋರುತ್ತಾ" ಅಂತ ಬದಲಾಯಿಸಿದೆ. ಪ್ರಶ್ನೆ ಬದಲಾಯಿಸಿದರೆ ಆ ದೇಶಗಳ ಜೊತೆ ಹೋಲಿಸುವುದು ಹೇಗೆ ಅನ್ನುವುದು ರಾತ್ರಿ ಹೊಳೆಯಿತು. ಈಗ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.

ನಿಜವಾದ ತಲೆನೋವು ಬೇರೆಯೇ. ಈ ಪಟ್ಟಿಯಲ್ಲಿ "ಇಲ್ಲ" ಅಂದರೆ ಸಾಲದು. ದುಡ್ಡಿಲ್ಲದ್ದಕ್ಕೆ ಇಲ್ಲವೋ, ಬೇಡ ಅಂತ ಇಲ್ಲವೋ ಕೇಳಬೇಕು. ಮೊದಲನೆಯದು ಮಾತ್ರ ಕೊರತೆ. ಒಳ್ಳೆಯ ನಿಯಮ, ಸೈಕಲ್ಲೇ ಸಾಕು ಅನ್ನುವ ಅನುಕೂಲಸ್ಥರನ್ನು ಕಾರಿಲ್ಲ ಅಂತ ಬಡವರ ಲೆಕ್ಕಕ್ಕೆ ಹಾಕಬಾರದಲ್ವಾ. ಆದರೆ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಉತ್ತರ "ನಮಗ್ಯಾಕೆ ಬೇಕು ಅದೆಲ್ಲ" ಅಂತಲೇ ಬಂತು. ನಾನೂ ಸುಮ್ನೆ "ಬೇಡ" ಅಂತ ಗುರುತು ಹಾಕಿಕೊಂಡು ಬಂದೆ.

9ನೇ ಮನೆಯಲ್ಲಿ ಸಿಕ್ಕಿಬಿದ್ದೆ. ಗಂಡ ಭಟ್ಟಿ ಕೆಲಸ, ಹೆಂಡತಿ ಹೂ ಕಟ್ಟುತ್ತಾರೆ. ದಿಢೀರ್ ಖರ್ಚು, ಊರಾಚೆ ಒಂದು ವಾರ, ಕಂತು ಬಾಕಿಯಿಲ್ಲದೆ ಕಟ್ಟುವುದು, ಹಳೇ ಮಂಚ-ಕುರ್ಚಿ ಬದಲಾಯಿಸುವುದು, ಕಾರು, ಮನರಂಜನೆ: ಈ ಆರೂ ಇಬ್ಬರಿಗೂ ಇಲ್ಲ. ಇನ್ನೊಂದು ಬಾಬ್ತು ವಾರಕ್ಕೆ ತನಗಂತ ಒಂದಿಷ್ಟು ದುಡ್ಡು. ಗಂಡನಿಗೆ ಸಂಜೆ ಮಂಡಕ್ಕಿ-ಮಿರ್ಚಿಗೆ ಇರುತ್ತದೆ. ಆಕೆ "ನನಗೇನು ಬೇಕಾಗಲ್ಲ ಬಿಡಣ್ಣ" ಅಂದರು. ಇಬ್ಬರಿಗೂ 6, ಗೆರೆ ದಾಟಲಿಲ್ಲ. ಎರಡು ದಿನ ಬಿಟ್ಟು ಅಕ್ಕನ ಜೊತೆ ಹೂ ತರಲು ಹೋದಾಗ ಅದೇ ಮಾತು ಮತ್ತೆ ಬಂತು. ಗಂಡ ಮನೆಯಲ್ಲಿರಲಿಲ್ಲ. "ಉಳಿದರೆ ತಾನೇ ಬೇಕು ಅನ್ನೋದು" ಅಂದರು. ಆಕೆಯನ್ನು ಕೇಳಿಕೊಂಡೇ ಗುರುತು ತಿದ್ದಿದೆ. ಈಗ ಆಕೆಗೆ 7, ಗಂಡನಿಗೆ 6. ಒಂದೇ ಮನೆ, ಒಂದೇ ಒಲೆ, ಒಬ್ಬರು ಮಾತ್ರ ತೀವ್ರ ಕೊರತೆಯಲ್ಲಿ.

ಇದೇನೂ ಪಟ್ಟಿಯ ತಪ್ಪಲ್ಲ. 13ರಲ್ಲಿ 7 ಮಾತ್ರ ಮನೆಗೆ ಸಂಬಂಧಿಸಿದ್ದು, 6 ಒಬ್ಬೊಬ್ಬರಿಗೆ ಬೇರೆ ಬೇರೆ ಕೇಳಬೇಕಾದದ್ದು. ಬಹಳ ಮನೆಗಳಲ್ಲಿ ಬಾಗಿಲು ತೆರೆದವರನ್ನಷ್ಟೇ ಕೇಳಿಕೊಂಡು ಬಂದದ್ದು ನನ್ನ ಸೋಮಾರಿತನ.

ಕುತೂಹಲಕ್ಕೆ ಅದೇ ಮನೆಯನ್ನು ಜಾಗತಿಕ ಬಹುಆಯಾಮ ಬಡತನ ಸೂಚ್ಯಂಕದಲ್ಲೂ ಹಾಕಿದೆ. 2010ರಿಂದ ಆಕ್ಸ್‌ಫರ್ಡ್‌ನವರೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರೂ ಸೇರಿ ಕೊಡುವ ಲೆಕ್ಕ ಅದು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಒಂದೊಂದಕ್ಕೂ ಮೂರರಲ್ಲೊಂದು ಪಾಲು, ಒಟ್ಟು 10 ಸೂಚಕ. ಮಕ್ಕಳು ಶಾಲೆಗೆ ಹೋಗುತ್ತಾರೆ, ಟಿವಿ ಇದೆ, ಫೋನ್ ಇದೆ, ಕರೆಂಟ್ ಇದೆ. ಕೊರತೆ ಅಂದರೆ ಸೌದೆ ಒಲೆ (ಸಿಲಿಂಡರ್ ಇದೆ, ತುಂಬಿಸುವುದು ಅಪರೂಪ) ಮತ್ತು ನಾಲ್ಕು ಮನೆಗೆ ಸೇರಿದ ಶೌಚಾಲಯ. ಒಂದೊಂದಕ್ಕೆ 18ರಲ್ಲಿ 1 ಪಾಲು, ಎರಡೂ ಸೇರಿ 11%. ಬಡವರು ಅನ್ನಲು 33% ಮುಟ್ಟಬೇಕು. ಹಾಗಾಗಿ ಅಲ್ಲಿ ಗಂಡನೂ ಬಡವನಲ್ಲ, ಹೆಂಡತಿಯೂ ಬಡವಳಲ್ಲ. ಅಲ್ಲಿ ಲೆಕ್ಕ ಇಡೀ ಮನೆಗೆ ಒಂದೇ, ಆಕೆಯ ಆ ಮಾತಿಗೆ ಅದರಲ್ಲಿ ಕಾಲಂ ಇಲ್ಲ.

ಮುಂದಿನ ವಾರ 14 ಮನೆಗೂ ಮತ್ತೆ ಹೋಗಬೇಕು, ದೊಡ್ಡವರನ್ನೆಲ್ಲ ಒಬ್ಬೊಬ್ಬರನ್ನೇ ಕೇಳಬೇಕು. ಹೆಂಗಸರ ಹತ್ತಿರ ಅಕ್ಕನೇ ಮಾತಾಡುತ್ತಾಳೆ. ಮನೆಗೊಂದು ಬೆಣ್ಣೆ ದೋಸೆ ಕೇಳಿದಳು, ಚೌಕಾಸಿ ಮಾಡಿ ಮೂರು ಮನೆಗೊಂದಕ್ಕೆ ಇಳಿಸಿದ್ದೇನೆ.